ಬಸುರಿಯಾದ ಮೇಲೆ ನಡಿಗೆ ನಿಲ್ಲಿಸಬೇಕೇ?

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಬಸುರಿನಲ್ಲಿ ನನಗೂ ಬಂದೀತೆಂಬ ಭಯ, ಗರ್ಭ ನಿಂತ ಮೇಲೆ ನಡಿಗೆ ಬಿಡಬೇಕೇ ಎಂದು ಕೇಳಿದ್ದೀರಿ. ವೈದ್ಯರು ಬೇಡವೆನ್ನದಿದ್ದರೆ ಬಿಡಬೇಕಿಲ್ಲ. ಈಗಲೇ, ಬಸುರಿಯಾಗುವ ಮೊದಲೇ ಆರಂಭಿಸಿದರೆ ಇನ್ನೂ ಒಳ್ಳೆಯದು.

ತಿಂಗಳು ತುಂಬುತ್ತ ಹೋದಂತೆ ಮಾಸು ಸ್ರವಿಸುವ ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ದುಡಿಯುವ ಸ್ನಾಯುಗಳಾದರೋ ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಕುಚ್ಚಲಕ್ಕಿ ಅನ್ನ, ಮೀನುಸಾರು ಉಂಡು ಕೂಡಲೇ ಒರಗಬೇಡಿ, ಹತ್ತು ಹದಿನೈದು ನಿಮಿಷ ಓಡಾಡಿ ಎನ್ನುವುದು ಇದಕ್ಕೇ.

ವಾರಕ್ಕೆ 150 ನಿಮಿಷ ಗುರಿಯಿರಲಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ನಾನು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಎಂಟನೆಯ ತಿಂಗಳವರೆಗೂ ನಡೆದೆ. ಅತ್ತೆಯವರ ಮುಖ ಮಾತ್ರ ದಿನವೂ ಸಣ್ಣದಾಗುತ್ತಿತ್ತು! ಸಡಿಲ ಮರಳು ಕಾಲು ಹೊರಳಿಸುತ್ತದೆ, ಅಲೆ ಮುಟ್ಟಿ ಗಟ್ಟಿಯಾದ ಮರಳಿನ ಮೇಲೆ ನಡೆಯಿರಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ಬೇಡವೇ ಬೇಡ, ಜಗಲಿಯೇ ಸಾಕು.

ರಕ್ತಸ್ರಾವ, ಎದೆನೋವು, ತಲೆಸುತ್ತು ಕಂಡರೆ, ನೀರು ಹೋದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನಿತ್ಯ ನಡೆಯುತ್ತೇನಲ್ಲ ಎಂದು ಬಸುರಿನ ಸಕ್ಕರೆ ಕಾಯಿಲೆ ಪತ್ತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ: ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ.