1924ರಿಂದ ಶುರು ಮಾಡಿದರೆ ಸಾಲದು
ಹಳೇ ಧಾರವಾಡ ಜಿಲ್ಲೆಯ ಬಾಲಾಪರಾಧಿಗಳ ಬಗ್ಗೆ ಪಿಎಚ್‌ಡಿ ಮಾಡ್ತಿದ್ದೀರಿ, 1924ರ ಬಾಂಬೆ ಮಕ್ಕಳ ಕಾಯ್ದೆಯಿಂದ ಶುರು ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮುಂಬೈನ ಡೇವಿಡ್ ಸಸೂನ್ ಸುಧಾರಣಾ ಶಾಲೆ ಹುಟ್ಟಿದ್ದೇ 1857ರಲ್ಲಿ. ಜೈಲಿನ ಬದಲು ಕಸುಬಿಗೆ ಹಚ್ಚುವ ಯೋಚನೆ ಇನ್ನೂ ಹಳೇದು, 1850ರ ಅಪ್ರೆಂಟಿಸ್ ಕಾಯ್ದೆಯದು. ಆಮೇಲೆ 1876, 1897ರ ರಿಫಾರ್ಮೇಟರಿ (ಸುಧಾರಣಾ ಶಾಲೆ) ಕಾಯ್ದೆಗಳು ಬಂದವು.

ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತಲ್ವಾ? ಹಾಗಾಗಿ ಬೆಂಗಳೂರಲ್ಲಿ ಅಲೆಯೋ ಬದಲು ಮುಂಬೈನ ಫೋರ್ಟ್ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರಕ್ಕೆ ಬನ್ನಿ. ಸುಮ್ನೆ ‘ಮಕ್ಕಳು’ ಅಂತ ಹುಡುಕಬೇಡಿ. ನ್ಯಾಯ ಇಲಾಖೆಯ ಸಂಪುಟಗಳಲ್ಲಿ ಜೈಲಿನ ವಿಷಯ ನೋಡಿ. ಗೈಡ್ ಅವರ ಪತ್ರ ಜೊತೆಗಿರಲಿ. ಇತ್ತೀಚಿನ ಪ್ರಕರಣಗಳಾದರೆ ಹುಷಾರು: 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಮಗುವಿನ ಗುರುತು ಬಯಲು ಮಾಡುವಂತಿಲ್ಲ.