ಕುದುರೆಯ ಲೆಕ್ಕದಲ್ಲಿ ಬಿಡಾರ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಅಮೆರಿಕದ ಪಶ್ಚಿಮ ಭಾಗದಲ್ಲಿ ಕುದುರೆಗಳೊಡನೆ ಬಿಡಾರ ಹೂಡುವವರನ್ನು ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಓದಿ, ಮೂಲತಃ ಬೆಳಗಾವಿ ಜಿಲ್ಲೆಯವರಾದ, ಈಗ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರೂ ಅವರ ಪತ್ನಿಯೂ ಸವಾರಿ ಕಲಿತಿದ್ದಾರೆ. ಎರಡು ಸವಾರಿ ಕುದುರೆ, ಸಾಮಾನು ಹೇರಲು ಇನ್ನೊಂದು ಕುದುರೆ ಇಷ್ಟನ್ನು ಇಟ್ಟುಕೊಂಡು ಬರುವ ಮಾರ್ಚ್ ತಿಂಗಳಲ್ಲಿ ಅಂಜಾ-ಬೊರೆಗೊ ಮರುಭೂಮಿಯಲ್ಲಿ ಒಂದು ವಾರ, ಜುಲೈ ತಿಂಗಳಲ್ಲಿ ಸಿಯೆರಾ ನೆವಾಡಾ ಪರ್ವತಗಳಲ್ಲಿ ಒಂದು ವಾರ ಕಳೆಯಬೇಕೆಂದಿದ್ದಾರೆ. ಒಂದೇ ಸಿದ್ಧತೆ ಎರಡಕ್ಕೂ ಸಾಕೇ, ಹೇರುಗುದುರೆಯ ಮೇಲೆ ವಾರದ ನೀರು ಒಯ್ಯಬಹುದೇ, ಹೇರಲು ಕುದುರೆಯ ಬದಲು ಹೇಸರಗತ್ತೆ ಕೊಳ್ಳುವುದು ಮೇಲೇ ಎಂದು ಕೇಳಿದ್ದಾರೆ. ಜೊತೆಗೊಂದು ಆಕ್ಷೇಪಣೆಯೂ ಇದೆ: ‘ನಮ್ಮ ಕಡೆ ಕುರಿಗಾರರು ಸಂಸಾರವನ್ನೆಲ್ಲ ಕುದುರೆಯ ಬೆನ್ನಿಗೆ ಹೇರಿಕೊಂಡು ಊರೂರು ತಿರುಗುತ್ತಾರೆ, ಸಂಜೆಯಾದರೆ ಅದರ ಮುಂಗಾಲು ಕಟ್ಟಿ ಮೇಯಲು ಬಿಡುತ್ತಾರೆ, ಯಾರ ಅಪ್ಪಣೆಯೂ ಬೇಕಿಲ್ಲ. ಇಲ್ಲಿ ಹುಲ್ಲಿಗೂ ಸರ್ಟಿಫಿಕೇಟು ಕೇಳುತ್ತಾರೆ. ಇದು ಅತಿಯಲ್ಲವೇ?’

ಮಾನ್ಯರೇ,

ಹೋಗುವ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಕುದುರೆಗಳಿಗೆ ನೀರು ಮೇವು ಹೊಂದಿಸಲು ನೀವು ಹೊರಟಿದ್ದೀರಿ. ಆಗಬೇಕಾದದ್ದು ಇದರ ತಿರುವುಮುರುವು. ಕುದುರೆಗೆ ದಿನಕ್ಕೆ ಏನೇನು ಎಷ್ಟೆಷ್ಟು ಬೇಕೆಂಬುದನ್ನು ಮೊದಲು ಬರೆದುಕೊಂಡರೆ, ಎಷ್ಟು ದಿನ ಹೋಗಬಹುದು, ದಿನಕ್ಕೆ ಎಷ್ಟು ದೂರ ಸಾಗಬಹುದು, ಯಾವ ತಿಂಗಳು ಹೊರಡಬೇಕು ಎಂಬುದನ್ನೆಲ್ಲ ಆ ಪಟ್ಟಿಯೇ ಹೇಳುತ್ತದೆ. ಒಂದೇ ಸಿದ್ಧತೆ ಎರಡಕ್ಕೂ ಸಾಲದು ಎನ್ನುವುದೂ ಈ ಕಾರಣಕ್ಕೇ. ಮರುಭೂಮಿಯಲ್ಲಿ ಕುದುರೆಯನ್ನು ನೆಲದಿಂದ ಕಾಪಾಡಿಕೊಳ್ಳಬೇಕು. ಸಿಯೆರಾದ ಹುಲ್ಲುಗಾವಲಿನಲ್ಲಿ ನೆಲವನ್ನೇ ಕುದುರೆಯಿಂದ ಕಾಪಾಡಬೇಕು.

ನೀರಿನ ಲೆಕ್ಕವನ್ನೇ ಮೊದಲು ನೋಡೋಣ. 450 ಕಿಲೋ ತೂಗುವ ಕುದುರೆ ಸಾಧಾರಣ ದಿನದಲ್ಲಿ 20ರಿಂದ 40 ಲೀಟರ್ ನೀರು ಕುಡಿಯುತ್ತದೆ. ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ನಡೆದ ದಿನ ಅದು 50 ಲೀಟರನ್ನು ದಾಟಿದರೂ ಆಶ್ಚರ್ಯವಿಲ್ಲ. ಹೇರುಗುದುರೆಯ ಬೆನ್ನಿಗೆ ಹಾಕಬಹುದಾದ ಭಾರ ಸುಮಾರು 70 ಕಿಲೋ. ಡೇರೆ, ಪಾತ್ರೆ, ಹಾಸಿಗೆ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬರೀ ನೀರು ಹೇರಿದರೂ 70 ಲೀಟರ್ ಆಯಿತು. ಮೂರು ಕುದುರೆಗಳಿಗೆ ದಿನಕ್ಕೆ 120 ಲೀಟರ್ ಬೇಕಾಗುವಾಗ ಅದು ಒಂದು ಹಗಲಿಗೂ ಒದಗುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊತ್ತು ತಂದ ಕುದುರೆಯೇ ಕುಡಿದು ಮುಗಿಸುತ್ತದೆ. ವಾರದ ನೀರನ್ನು ಬೆನ್ನ ಮೇಲೆ ಒಯ್ಯುವ ಮಾತು ಅಲ್ಲಿಗೇ ಮುಗಿಯಿತು. ಮೇವಿನ ಲೆಕ್ಕ ಇಷ್ಟು ಕಠೋರವಲ್ಲವಾದರೂ ಸಲೀಸೇನೂ ಅಲ್ಲ: ಒಂದು ಕುದುರೆಗೆ ದಿನಕ್ಕೆ 9 ಕಿಲೋ ಒಣಮೇವೆಂದರೆ ಮೂರಕ್ಕೆ 27 ಕಿಲೋ, ಅಂದರೆ ಒಂದು ಪೂರ್ತಿ ಹೇರು ಎರಡೂವರೆ ದಿನದಲ್ಲಿ ಖಾಲಿ. ಒಣಹುಲ್ಲನ್ನು ಗುಳಿಗೆ ಕಟ್ಟಿ ಮಾರುವ ಮೇವು ಜಾಗವನ್ನು ಉಳಿಸುತ್ತದೆಯೇ ಹೊರತು ತೂಕವನ್ನಲ್ಲ.

ನೀವು ಹೋಗಬೇಕೆಂದಿರುವ ದಾರಿಯಲ್ಲಿಯೇ ಈ ಲೆಕ್ಕವನ್ನು ಹಿಂದೆ ಮಾಡಿದವರಿದ್ದಾರೆ. ಸ್ಪೇನಿನ ಸೇನಾಧಿಕಾರಿ ಹುವಾನ್ ಬೌಟಿಸ್ಟಾ ದೆ ಅಂಜಾ 1775ರಲ್ಲಿ ಹೆಂಗಸರು ಮಕ್ಕಳೂ ಸೇರಿದಂತೆ ಸುಮಾರು 240 ಜನರನ್ನೂ, ಸುಮಾರು ಒಂದು ಸಾವಿರ ಕುದುರೆ, ಹೇಸರಗತ್ತೆ, ದನಗಳನ್ನೂ ಕರೆದುಕೊಂಡು ಈ ಮರುಭೂಮಿಯನ್ನು ದಾಟಿದ. ಅವನು ದಾಟಿದ್ದು ಡಿಸೆಂಬರ್ ತಿಂಗಳಲ್ಲಿ. ಅದೂ ಎಲ್ಲರೂ ಒಟ್ಟಿಗೆ ಅಲ್ಲ, ಮೂರು ತಂಡವಾಗಿ, ಒಂದೊಂದು ದಿನದ ಅಂತರದಲ್ಲಿ, ಮುಂದಿನ ತಂಡ ಕುಡಿದು ಬರಿದು ಮಾಡಿದ ಒರತೆಯಲ್ಲಿ ಹಿಂದಿನ ತಂಡ ಬರುವಷ್ಟರಲ್ಲಿ ಮತ್ತೆ ನೀರು ತುಂಬಿಕೊಳ್ಳಲಿ ಎಂದು. ನೂರು ವರ್ಷ ಕಳೆದ ಮೇಲೆ, 1880ರ ದಶಕದಲ್ಲಿ, ಇನ್ನೂ ಉತ್ತರಕ್ಕಿರುವ ಡೆತ್ ವ್ಯಾಲಿ ಎಂಬ ಮರುಭೂಮಿಯಿಂದ ಮೊಜಾವೆ ರೈಲು ನಿಲ್ದಾಣಕ್ಕೆ 165 ಮೈಲಿ ದೂರ ಬೊರಾಕ್ಸ್ (ಬಿಳಿಗಾರ) ಸಾಗಿಸುತ್ತಿದ್ದ ಇಪ್ಪತ್ತು ಪ್ರಾಣಿಗಳ ಬಂಡಿಸಾಲುಗಳು ತಮ್ಮ ಹಿಂದೆ 1,200 ಗ್ಯಾಲನ್ನಿನ, ಅಂದರೆ ಸುಮಾರು 4,500 ಲೀಟರಿನ, ನೀರಿನ ತೊಟ್ಟಿಯನ್ನು ಚಕ್ರದ ಮೇಲೆ ಎಳೆದುಕೊಂಡು ಹೋಗುತ್ತಿದ್ದವು. ಮರುಭೂಮಿಯಲ್ಲಿ ನೀರು ಚಕ್ರದ ಮೇಲೆ ಬರಬೇಕು, ಇಲ್ಲವೇ ನಾವೇ ನೀರಿರುವಲ್ಲಿಗೆ ಹೋಗಬೇಕು.

ಆದ್ದರಿಂದ ಮಾರ್ಚ್ ತಿಂಗಳ ವಾರವನ್ನು ಜಾಗದಿಂದ ಜಾಗಕ್ಕೆ ಸಾಗುವ ಪಯಣವಾಗಿ ನೋಡದೆ, ಒಂದೇ ಬಿಡಾರದಿಂದ ದಿನವೂ ಹೊರಟು ಸಂಜೆ ಮರಳುವ ಸವಾರಿಗಳಾಗಿ ಹಂಚಿಕೊಳ್ಳಿ ಎಂಬುದು ನಮ್ಮ ಸಲಹೆ. ಅಂಜಾ-ಬೊರೆಗೊ ಉದ್ಯಾನದಲ್ಲಿ ಕುದುರೆಯವರಿಗೆಂದೇ ಇರುವ ಬಿಡಾರದಲ್ಲಿ ಕಬ್ಬಿಣದ ಕೊಳವೆಗಳ ಕಟಾಂಜನದ ಕೊಟ್ಟಿಗೆಗಳಿವೆ. ಟ್ರೇಲರ್ ಅಲ್ಲಿಯವರೆಗೆ ಹೋಗುತ್ತದೆ. ಕಟ್ಟಿಹಾಕಲು ಮರ ಸಿಗದ ಸೀಮೆಯಲ್ಲಿ ಇದು ಸಣ್ಣ ಸೌಕರ್ಯವಲ್ಲ. ಸಮೀಪದ ಕಯೋಟಿ ಕಣಿವೆಯಲ್ಲಿ ವರ್ಷವಿಡೀ ಹರಿಯುವ ತೊರೆಯೊಂದಿದೆ. ಬೇಸಿಗೆಯಲ್ಲಿ ಆ ನೀರು ಬಾಗುಕೊಂಬಿನ ಕಾಡುಕುರಿಗಳಿಗೆ ಬೇಕಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣಿವೆಗೆ ಯಾರನ್ನೂ ಬಿಡುವುದಿಲ್ಲ. ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ, ಮೆತ್ತಗಿದ್ದು, ಬಿಡಾರಕ್ಕೆ ಬಾ ಎಂದು ಕರೆಯುವಂತಿರುತ್ತದೆ. ಅಲ್ಲಿ ಮಾತ್ರ ಡೇರೆ ಹಾಕಬೇಡಿ. ಮಳೆ ಬಿದ್ದದ್ದು ದೂರದ ಬೆಟ್ಟದ ಮೇಲಾದರೂ ನೀರು ನುಗ್ಗುವುದು ಇಲ್ಲಿಗೇ.

ಮರುಭೂಮಿಯ ಅಪಾಯಗಳಲ್ಲಿ ಹೊಸಬರು ಲಕ್ಷ್ಯಕ್ಕೆ ತಾರದೆ ಬಿಡುವುದು ಮರಳನ್ನು. ನೆಲದ ಮೇಲೆ ಹಾಕಿದ ಹುಲ್ಲನ್ನು ತಿನ್ನುವಾಗ ಕುದುರೆ ಮರಳನ್ನೂ ನುಂಗುತ್ತದೆ. ಅದು ಕರುಳಿನಲ್ಲಿ ಶೇಖರವಾಗುತ್ತ ಬಂದು ಹೊಟ್ಟೆಶೂಲೆಗೆ ಕಾರಣವಾಗುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲದ್ದರಿಂದ ಒಳಗೆ ಹೋದದ್ದು ಕರುಳಿನ ದಾರಿಯಲ್ಲೇ ಹೊರಬೀಳಬೇಕು. ಹುಲ್ಲನ್ನು ಬಲೆಚೀಲದಲ್ಲಿ ಎತ್ತರಕ್ಕೆ ತೂಗುಹಾಕಿ, ಇಲ್ಲವೇ ದಪ್ಪ ರಬ್ಬರಿನ ಹಾಸಿನ ಮೇಲೆ ಹಾಕಿ. ಮರಳು ಸೀಮೆಯ ಕುದುರೆಗಳಿಗೆ ಅಲ್ಲಿನ ಪಶುವೈದ್ಯರು ಮೇವಿನ ಜೊತೆ ಕೊಡಿಸುವ ಪುಡಿ ಯಾವುದೆಂದರೆ ನಮ್ಮ ಮನೆಗಳಲ್ಲಿ ಮಲಬದ್ಧತೆಗೆ ಕಲಸಿ ಕುಡಿಯುವ ಇಸಬ್‌ಗೋಲ್. ಅದನ್ನು ಅತಿ ಹೆಚ್ಚು ಬೆಳೆಯುವ ದೇಶವೂ ನಮ್ಮದೇ.

ಪರಿಚಯದ ಇನ್ನೊಂದು ಗಿಡ ಮಾತ್ರ ಶತ್ರು. ನಾವು ದೇವರಿಗೆ ಏರಿಸುವ ಕಣಗಿಲೆಯನ್ನು ಕ್ಯಾಲಿಫೋರ್ನಿಯಾದವರು ಹೆದ್ದಾರಿಯ ನಡುವೆ, ಮನೆಯ ಬೇಲಿಗುಂಟ, ನೀರಿಲ್ಲದೆ ಬಾಳುತ್ತದೆಂದು ಸಾಲುಸಾಲಾಗಿ ನೆಟ್ಟಿದ್ದಾರೆ. ಅದರ ಕೆಲವೇ ಎಲೆಗಳು ಕುದುರೆಯ ಹೃದಯವನ್ನು ನಿಲ್ಲಿಸಬಲ್ಲವು. ಒಣಗಿ ಉದುರಿದ ಎಲೆಗೂ ವಿಷ ಕಡಿಮೆಯಾಗುವುದಿಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಹಿಂದೆಯೋ ಟ್ರೇಲರ್ ನಿಲ್ಲಿಸಿ ಕುದುರೆ ಇಳಿಸುವಾಗ ಬೇಲಿಯ ಗಿಡ ಯಾವುದೆಂದು ನೋಡಿಯೇ ಕಟ್ಟಿ.

ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷದ ಹಾವಿನ (ರ್ಯಾಟಲ್‌ಸ್ನೇಕ್) ಬಗ್ಗೆ ಒಂದು ಮಾತು. ಕುದುರೆ ಕುತೂಹಲಕ್ಕೆ ಮೂತಿ ಚಾಚಿ ಮೂಸುವುದರಿಂದ ಕಡಿತ ಬಹಳ ಸಲ ಮೂಗಿನ ಮೇಲೆಯೇ ಆಗುತ್ತದೆ. ಕುದುರೆ ಬಾಯಿಯಿಂದ ಉಸಿರಾಡಲಾರದು. ಹೊಳ್ಳೆಗಳು ಊದಿ ಮುಚ್ಚಿಕೊಂಡರೆ ವಿಷಕ್ಕಿಂತ ಮೊದಲು ಉಸಿರುಗಟ್ಟಿ ಸಾಯಬಹುದು. ಅನುಭವವುಳ್ಳ ಸವಾರರು ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯ ಎರಡು ತುಂಡುಗಳನ್ನು, ಗೇಣಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ, ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಜೀನಿನ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಊತ ಏರುವ ಮೊದಲೇ ಅವಕ್ಕೆ ವ್ಯಾಸಲೀನ್ ಸವರಿ ಒಂದೊಂದು ಹೊಳ್ಳೆಗೆ ಒಂದೊಂದನ್ನು ತೂರಿಸಿ, ಹೊರಗಿನ ತುದಿಯನ್ನು ಹಾಲ್ಟರ್‌ಗೆ, ಅಂದರೆ ಮೋರೆಪಟ್ಟಿಗೆ, ಟೇಪು ಸುತ್ತಿ ಭದ್ರ ಮಾಡುತ್ತಾರೆ. ಆಮೇಲೆ ಕುದುರೆಯನ್ನು ಓಡಿಸದೆ, ಶಾಂತವಾಗಿ, ವೈದ್ಯರ ಬಳಿಗೆ ಒಯ್ಯುವುದು. ಚೋಯಾ ಕಳ್ಳಿಯ ಮುಳ್ಳುಂಡೆ ಕಾಲಿಗೆ ಅಂಟಿದರೆ ಕೈ ಹಾಕಬೇಡಿ. ಹಲ್ಲು ಅಗಲವಿರುವ ಬಾಚಣಿಗೆಯಿಂದ ಎತ್ತಿ ಎಸೆಯಿರಿ, ಉಳಿದ ಮುಳ್ಳನ್ನು ಇಕ್ಕಳದಿಂದ ಕೀಳಿ.

ಇನ್ನು ನಿಮ್ಮ ಆಕ್ಷೇಪಣೆ. ಕುರಿಗಾರರ ಹೋಲಿಕೆಯನ್ನು ನೀವು ತಂದದ್ದು ನಮಗೆ ಸಂತೋಷವೇ, ಏಕೆಂದರೆ ಉತ್ತರ ಅದರೊಳಗೇ ಇದೆ. ನಿಮ್ಮ ಕಡೆ ಕುರಿಗಾರರು ಬೀಡುಬಿಡುವುದು ಸುಗ್ಗಿ ಮುಗಿದ ಹೊಲದಲ್ಲಿ. ಅಲ್ಲಿ ಉಳಿದಿರುವುದು ಕೂಳೆ. ಕುರಿಯ ಹಿಕ್ಕೆ ಮತ್ತು ಕುದುರೆಯ ಲದ್ದಿ ರೈತನಿಗೆ ಬೇಕಾದ ಗೊಬ್ಬರ. ಮಂದೆ ನಿಲ್ಲಿಸಿದ್ದಕ್ಕೆ ಅವನೇ ಕಾಳೋ ಹಣವೋ ಕೊಡುವ ಪದ್ಧತಿಯಿದೆ. ಅಂದರೆ ಅಲ್ಲಿಯೂ ಅಪ್ಪಣೆ ಇದೆ, ಹೊಲದ ಒಡೆಯನದು. ಸಿಯೆರಾದ 3,000 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಾದರೋ ವರ್ಷದ ಬಹುಭಾಗ ಹಿಮ. ಹುಲ್ಲು ಬೆಳೆಯಲು ಸಿಗುವುದು ಬೇಸಿಗೆಯ ಕೆಲವೇ ವಾರ. ಹಿಮ ಕರಗಿದ ನೀರಿನಿಂದ ನೆಲ ಇನ್ನೂ ಹಸಿಯಾಗಿರುವಾಗ ಕುದುರೆ ಕಾಲಿಟ್ಟರೆ ಗೊರಸು ಗೇಣುದ್ದ ಹೂತುಹೋಗುತ್ತದೆ, ಬೇರುಗಳ ಹೆಣಿಗೆ ಕಿತ್ತುಹೋಗುತ್ತದೆ, ಆ ಗುಂಡಿಗಳ ಗುಂಟ ನೀರು ಹರಿದು ಕೊರಕಲಾಗುತ್ತದೆ. ಕೊರಕಲು ಆಳವಾದಷ್ಟೂ ಸುತ್ತಲಿನ ತೇವ ಅದರೊಳಗೆ ಬಸಿದುಹೋಗಿ, ಹುಲ್ಲುಗಾವಲೇ ಒಣಗಿ ಕುರುಚಲಾಗುತ್ತದೆ. ಸಿಕೋಯಾ ಮತ್ತು ಕಿಂಗ್ಸ್ ಕ್ಯಾನಿಯನ್ ಉದ್ಯಾನಗಳು ಯಾವ ಹುಲ್ಲುಗಾವಲನ್ನು ಯಾವ ದಿನದಿಂದ ಮೇಯಿಸಬಹುದೆಂದು ಆಯಾ ವರ್ಷದ ಹಿಮ ನೋಡಿ ಗೊತ್ತುಮಾಡುವುದು ಇದಕ್ಕಾಗಿ. ಹಿಮ ಹೆಚ್ಚು ಬಿದ್ದ ವರ್ಷ ಜುಲೈ ಮೊದಲ ವಾರವೂ ತೀರ ಬೇಗನೆಯೇ ಆದೀತು.

ಈ ಬಿಗಿ ಅನುಭವದಿಂದ ಬಂದದ್ದು. 19ನೆಯ ಶತಮಾನದ ಕೊನೆಯಲ್ಲಿ ಲೆಕ್ಕವಿಲ್ಲದಷ್ಟು ಕುರಿಮಂದೆಗಳು ಸಿಯೆರಾವನ್ನು ಬೋಳು ಮಾಡಿದ್ದವು. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಮಂದೆಗಳು ಕದ್ದು ನುಗ್ಗುತ್ತಲೇ ಇದ್ದವು. ಅವನ್ನು ಅಟ್ಟಲು ಮರುವರ್ಷದಿಂದ ಬಂದದ್ದು ಸೇನೆಯ ಅಶ್ವದಳ. ಅತಿಕ್ರಮಣಕ್ಕೆ ತಕ್ಕ ಶಿಕ್ಷೆಯ ಕಾನೂನು ಇಲ್ಲದ್ದರಿಂದ ಆ ಸವಾರರು ಕುರಿಗಳನ್ನು ಉದ್ಯಾನದ ಒಂದು ಗಡಿಗೂ ಕುರಿಗಾರರನ್ನು ಇನ್ನೊಂದು ಗಡಿಗೂ ದಾಟಿಸಿ ಬಿಟ್ಟುಬಿಡುತ್ತಿದ್ದರಂತೆ. ಕುರಿಗಾರರ ನಾಡಿನಿಂದ ಹೋದ ನೀವು ಇದನ್ನು ಓದಿ ಯಾರ ಪಕ್ಷ ವಹಿಸುತ್ತೀರೋ, ಹೇಳಲಾರೆವು. ಮುಂದೆ 1964ರ ವನ್ಯಪ್ರದೇಶ ಕಾಯಿದೆ ಮೋಟಾರನ್ನೂ ಇತರ ಯಾಂತ್ರಿಕ ವಾಹನಗಳನ್ನೂ ಹೊರಗಿಟ್ಟು ಕುದುರೆಯನ್ನು ಒಳಗೆ ಉಳಿಸಿಕೊಂಡಿತು. ಆ ಅವಕಾಶ ಕೈತಪ್ಪದಿರಬೇಕಾದರೆ ತಾವೇ ಹದ್ದುಬಸ್ತಿನಲ್ಲಿರಬೇಕೆಂದು ಕಂಡುಕೊಂಡ ಮೊಂಟಾನಾ ರಾಜ್ಯದ ಸವಾರರು 1973ರಲ್ಲಿ ಬ್ಯಾಕ್ ಕಂಟ್ರಿ ಹಾರ್ಸ್‌ಮನ್ ಎಂಬ ಸಂಘ ಕಟ್ಟಿದರು. ಬಿದ್ದ ಮರ ಕಡಿದು ದಾರಿ ಬಿಡಿಸುವ ಕೆಲಸವನ್ನು ಅವರು ಇಂದಿಗೂ ಕೂಲಿಯಿಲ್ಲದೆ ಮಾಡುತ್ತಾರೆ.

ಪರ್ವತದಲ್ಲಿ ಕುದುರೆ ಕಟ್ಟುವ ಕ್ರಮವನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಹಾನಿಯ ಬಹುಪಾಲು ರಾತ್ರಿಯಲ್ಲೇ ಆಗುವುದು. ಮರದ ಬೊಡ್ಡೆಗೆ ಕಟ್ಟಿದ ಕುದುರೆ ಬೇಸರಕ್ಕೆ ತೊಗಟೆ ಕಡಿಯುತ್ತದೆ, ಗೊರಸಿನಿಂದ ಕೆರೆದು ಬೇರು ಬಯಲು ಮಾಡುತ್ತದೆ. ಅದಕ್ಕೇ ಹೈಲೈನ್. ನೀರಿನಿಂದ 60 ಮೀಟರಿಗಿಂತ ದೂರದ, ಕಲ್ಲುಮಿಶ್ರಿತ ಗಟ್ಟಿ ನೆಲದಲ್ಲಿ ಎರಡು ದೊಡ್ಡ ಮರ ಆರಿಸಿ, ತೊಗಟೆಗೆ ಗಾಯವಾಗದಂತೆ ಅಗಲವಾದ ಪಟ್ಟಿ ಸುತ್ತಿ, ಪಟ್ಟಿಯಿಂದ ಪಟ್ಟಿಗೆ ಕುದುರೆಯ ತಲೆಗಿಂತ ಎತ್ತರದಲ್ಲಿ, ಎರಡು ಮೀಟರಿಗೆ ಕಡಿಮೆಯಾಗದಂತೆ, ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುವುದು. ಕುದುರೆಯ ಹಗ್ಗವನ್ನು ಅದಕ್ಕೆ ಇಳಿಬಿಡಬೇಕು. ಮೂತಿ ನೆಲದ ಹುಲ್ಲಿಗೆ ಎಟುಕಬೇಕು, ಆದರೆ ಮುಂಗಾಲು ಹಗ್ಗದ ಆಚೆ ದಾಟಬಾರದು; ಅಷ್ಟೇ ಉದ್ದ. ಹಗ್ಗ ಒಂದು ಗೇಣು ಹೆಚ್ಚಾದರೂ ರಾತ್ರಿ ಕಾಲು ಸಿಕ್ಕಿ ಚರ್ಮ ಸುಲಿದೀತು. ಬೆಳಗ್ಗೆ ಲದ್ದಿಯನ್ನು ದೂರದೂರಕ್ಕೆ ಹರಡಿ, ಕೆರೆದ ಗುಂಡಿ ಮುಚ್ಚಿ, ಮೇಲೆ ಪೈನ್ ಎಲೆ ಎಳೆದು ಹೊರಡಿ. ಇದನ್ನು ಮೊದಲು ಮನೆಯ ಹಿತ್ತಲಿನಲ್ಲಿ ರಾತ್ರಿಯೆಲ್ಲ ಕಟ್ಟಿ ರೂಢಿ ಮಾಡಿಸಿ. ನಿಮಗೆ ಗೊತ್ತಿರುವ ಕಾಲ್ಕಟ್ಟು ಅಲ್ಲಿಯೂ ನಡೆಯುತ್ತದೆ, ಆದರೆ ಮೇಯುವ ಕೆಲವು ಗಂಟೆಗಳಿಗೆ ಮಾತ್ರ, ಕಣ್ಣಳತೆಯಲ್ಲಿ. ಮುಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸುತ್ತ ಮನೆಯ ದಾರಿ ಹಿಡಿಯುವ ಕುದುರೆಗಳು ಅಲ್ಲಿಯೂ ಉಂಟು.

ಹುಲ್ಲಿನಲ್ಲಿ ಕಳೆಬೀಜವಿಲ್ಲವೆಂಬ ಸರ್ಟಿಫಿಕೇಟಿನ ವಿಷಯ ಹೀಗಿದೆ. ಹೊರಗಿನಿಂದ ತಂದ ಮೇವಿನಲ್ಲಿ ಕಳೆಬೀಜವಿದ್ದರೆ ಅದು ಲದ್ದಿಯ ಮೂಲಕ ಕಾಡಿನ ನಡುವೆ ಬಿತ್ತನೆಯಾಗುತ್ತದೆ. ಯುರೋಪು-ಏಷ್ಯಾ ಕಡೆಯಿಂದ ಬಂದ ಕೆಲವು ಜಾತಿಯ ಹುಲ್ಲುಗಳು ವಸಂತದಲ್ಲೇ ಒಣಗಿ, ಪೊದೆಗಳ ನಡುವೆ ಮೊದಲು ಬರಿ ನೆಲವಿದ್ದ ಜಾಗವನ್ನೆಲ್ಲ ತುಂಬಿ, ಬೆಂಕಿಗೆ ದಾರಿ ಮಾಡಿಕೊಡುತ್ತವೆ. ಮೊಜಾವೆ ಮರುಭೂಮಿಯಲ್ಲಿ 2020ರ ಆಗಸ್ಟ್ ತಿಂಗಳ ಒಂದೇ ಕಾಳ್ಗಿಚ್ಚಿಗೆ ಸುಮಾರು 13 ಲಕ್ಷ ಜೋಶುವಾ ಮರಗಳು ಬಲಿಯಾದುವೆಂದು ಅಂದಾಜು. ಕಳೆಬೀಜವಿಲ್ಲದ ಮೇವನ್ನು ಹೊರಡುವ ಎರಡು ಮೂರು ದಿನ ಮೊದಲೇ ತಿನ್ನಿಸಲು ಆರಂಭಿಸಿದರೆ ಹಳೆಯ ಬೀಜ ಮನೆಯಲ್ಲೇ ಹೊರಬೀಳುತ್ತದೆ. ಹುಲ್ಲಿಗೆ ಸರ್ಟಿಫಿಕೇಟು ನಗೆ ತರಿಸಬಹುದು. ನಮಗೆ ಅದು ಅತಿಯೆನಿಸುವುದಿಲ್ಲ.

ಹೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸುಬೆಯ ಎರಡೂ ಬದಿಯ ಪೆಟ್ಟಿಗೆಗಳನ್ನು ತೂಕದ ಕೊಂಡಿಗೆ ತೂಗುಹಾಕಿ ಸರಿಸಮ ಮಾಡಿಕೊಳ್ಳಿ. ಅರ್ಧ ಕಿಲೋ ವ್ಯತ್ಯಾಸವಿದ್ದರೂ ಹೇರು ವಾಲುತ್ತದೆ, ವಾಲಿದ ಹೇರು ಬೆನ್ನನ್ನು ಹುಣ್ಣು ಮಾಡುತ್ತದೆ.

ಹೇಸರಗತ್ತೆ ಕಡಿಮೆ ತಿಂದು ಬಾಳುತ್ತದೆ, ಕಡಿದಾದ ಕಲ್ಲುಮೆಟ್ಟಿಲಿನಲ್ಲಿ ಕಾಲನ್ನು ನೋಡಿ ಇಡುತ್ತದೆ, ಅಪಾಯ ಕಂಡರೆ ಎಷ್ಟು ಹೊಡೆದರೂ ಮುಂದೆ ಹೋಗುವುದಿಲ್ಲ. ಸಿಯೆರಾದ ಹೇರುಗಾರರು ಅದನ್ನು ಮೆಚ್ಚುವುದು ಇದಕ್ಕೇ. ಆದರೂ ಈ ವರ್ಷವೇ ಕೊಳ್ಳಬೇಡಿ. ಪರ್ವತದ ಪೂರ್ವ ತಪ್ಪಲಿನಲ್ಲಿ, ಬಿಷಪ್ ಊರಿನ ಆಸುಪಾಸಿನಲ್ಲಿ, ಪ್ಯಾಕ್ ಸ್ಟೇಷನ್‌ಗಳಿವೆ. ಅಲ್ಲಿನವರು ನಿಮ್ಮನ್ನೂ ನಿಮ್ಮ ಸಾಮಾನನ್ನೂ ತಮ್ಮ ಪ್ರಾಣಿಗಳ ಮೇಲೆ ಯಾವುದಾದರೂ ಸರೋವರದ ದಡಕ್ಕೆ ಮುಟ್ಟಿಸಿ, ಪ್ರಾಣಿಗಳನ್ನು ಹಿಂದಕ್ಕೆ ಒಯ್ದು, ಹೇಳಿದ ದಿನ ಮತ್ತೆ ಬಂದು ಕರೆದೊಯ್ಯುತ್ತಾರೆ. ಜುಲೈ ಪ್ರವಾಸವನ್ನು ಹೀಗೆ ಮಾಡಿದರೆ ರಾತ್ರಿ ಕಾಯುವ ಹೊಣೆ ನಿಮಗಿರುವುದಿಲ್ಲ. ಹೇರು ಕಟ್ಟುವ ಕೈಗಳನ್ನು ಹತ್ತಿರದಿಂದ ನೋಡಿದಂತೆಯೂ ಆಗುತ್ತದೆ. ಫೋನು ಮಾಡಿದಾಗ ದರ ಕೇಳುವ ಮೊದಲು ಪರ್ವತ ದಾಟುವ ಕಣಿವೆದಾರಿಯ ಆಚೆ ಹಿಮ ಎಷ್ಟಿದೆ, ತೊರೆಗಳಲ್ಲಿ ನೀರು ಇಳಿದಿದೆಯೇ ಎಂದು ಕೇಳಿ, ತಾರೀಖನ್ನು ಅವರಿಂದಲೇ ಗೊತ್ತುಮಾಡಿಸಿಕೊಳ್ಳಿ.

— ಸಂಪಾದಕ