ಶನಿವಾರ ಆಟ, ಶುಕ್ರವಾರ ರಾತ್ರಿಯಾದರೂ ಕಥೆ ರೆಡಿ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸುತ್ತಾ, ಉಳಿದವರು ಅದರ ಪಾತ್ರಗಳಾಗಿ ಆಡುವ ಆಟ) ಸಾಹಸವನ್ನು ಬೇಗ ಬರೆಯುವುದು ಹೇಗೆ?

ಕಥೆ ಬರೆಯುವುದನ್ನೇ ಬಿಡಿ, ಸನ್ನಿವೇಶ ಬರೆಯಿರಿ. ನಾನೂ ಮೊದಲು 12 ಪುಟ ಗೀಚುತ್ತಿದ್ದೆ. ಆಟಗಾರರು ಎರಡನೇ ಪುಟಕ್ಕೇ ಬೇರೆ ದಾರಿ ಹಿಡಿಯುತ್ತಿದ್ದರು.

ಈಗ ಒಂದೇ ಹಾಳೆ. ಯಾರಿಗೆ ಏನು ಬೇಕು? ಯಾರೂ ತಡೆಯದಿದ್ದರೆ ಏನಾಗುತ್ತದೆ? ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು ಅಲ್ವಾ? ನಮ್ಮ ಆಟದಲ್ಲಿ ಆ ಕೆರೆಯ ದೇವತೆ ನೀರು ವಾಪಸ್ ಕೇಳುತ್ತಿದ್ದಳು. ದಿನಾ ರಾತ್ರಿ ಒಂದೊಂದು ಪ್ಲಾಟ್‌ಫಾರ್ಮ್ ಮುಳುಗುತ್ತಿತ್ತು. ಗುಟ್ಟು ಗೊತ್ತಿದ್ದದ್ದು ನೈಟ್ ಶಿಫ್ಟ್ ಕಂಡಕ್ಟರ್ ಒಬ್ಬನಿಗೇ, ಅವನಿಗೋ ಕೆಲಸ ಹೋಗುವ ಭಯ. ಅಷ್ಟೇ ಬರೆದದ್ದು. ಹೊಡೆದಾಡಬೇಕೋ, ಪೂಜೆ ಮಾಡಬೇಕೋ, ಚೌಕಾಸಿಗಿಳಿಯಬೇಕೋ, ಅದು ಆಟಗಾರರ ತಲೆನೋವು. (ನಮ್ಮವರು ಚೌಕಾಸಿಗೇ ಎರಡು ಗಂಟೆ ತಿಂದರು.)

ಗುಟ್ಟು ಬಯಲಾಗಲು ಮಾತ್ರ ಮೂರು ಸುಳಿವು ಇಡಿ: ಒದ್ದೆ ಟಿಕೆಟ್, ಸೀಟಿನಡಿ ಒದ್ದಾಡುವ ಮೀನು, ಕಂಡಕ್ಟರ್ ಬಾಯಿ ತಪ್ಪಿ ಆಡಿದ ಮಾತು. ಎರಡನ್ನಾದರೂ ಅವರು ಗಮನಿಸುವುದೇ ಇಲ್ಲ.

ರಾಕ್ಷಸರ ಅಂಕಿಗಳನ್ನು (ಎಷ್ಟು ಬಲ, ಎಷ್ಟು ಏಟು ತಡೆಯಬಲ್ಲರು ಅನ್ನೋದನ್ನ) ಸುಮ್ನೆ ಹೊಸದಾಗಿ ಲೆಕ್ಕ ಹಾಕಬೇಡಿ. ನಿಯಮ ಪುಸ್ತಕದ ಮೊಸಳೆಗೇ ಬೇರೆ ಹೆಸರು, ಬೇರೆ ರೂಪ ಕೊಡಿ. ಜೊತೆಗೆ ಹತ್ತು ಹೆಸರಿನ ಪಟ್ಟಿ ಕೈಯಲ್ಲಿರಲಿ. ಇಲ್ಲದಿದ್ದರೆ ಊರಿನ ಅಂಗಡಿಯವರೆಲ್ಲ ಮಂಜುನಾಥರೇ ಆಗುತ್ತಾರೆ.